ಆಯಿ ನೋಡದೇ ಇದ್ದದ್ದು

ಹೋದ ವಾರ ಯಾದಗಿರಿಯ ನಮ್ಮ ಬಾಡಿಗೆ ಮನೆಯ ಹಿಂದಿನ ಓಣಿಯಲ್ಲಿ ಯಾರೋ ಶೇಂಗಾ ಹುರಿಯುತ್ತಿದ್ದರು. ಮಧ್ಯಾಹ್ನ ಮೂರರ ಹೊತ್ತು. ಶಾಲೆಗೆ ರಜೆ ಇತ್ತು, ನಾನು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ಕುಳಿತಿದ್ದೆ. ಸಿಪ್ಪೆ ಕರಕಾಗುವುದಕ್ಕೆ ಸ್ವಲ್ಪ ಮುಂಚೆ ಬರುವ ಆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಪೆನ್ನು ಕೆಳಗಿಟ್ಟೆ. ಹದಿನೈದು ವರ್ಷದ ಮೇಲಾಯಿತು, ಆ ವಾಸನೆಗೆ ನನ್ನ ಮೈ ಇನ್ನೂ ಅಂಜುತ್ತದೆ.

ಆಗ ನಾವು ಶಹಾಪುರದಲ್ಲಿದ್ದೆವು. ಅವ್ವ, ನಾನು, ಆಮೇಲೆ ಗಂಡನ ಮನೆಯಿಂದ ಬಂದ ಅಕ್ಕ, ಅವಳ ಎರಡು ವರ್ಷದ ಮಗಳು. ನಮ್ಮ ಬಾಗಿಲಿಗೆ ಎದುರಾಗಿ ಒಂದು ಕೋಣೆಯ ಮನೆಯಲ್ಲಿ ಆಯಿ ಇದ್ದಳು. ನಮಗೆ ರಕ್ತ ಸಂಬಂಧವೇನೂ ಇಲ್ಲ. ಓಣಿಗೆಲ್ಲ ಅಜ್ಜಿ, ಆಯಿ; ಹಾಗಾಗಿ ನಮಗೂ ಆಯಿ. ಜೋಳದ ರೊಟ್ಟಿ ಬಡಿದು ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಗೆ ಕೊಡುವುದು, ಮಧ್ಯಾಹ್ನ ಶೇಂಗಾ ಹುರಿದು ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುವುದು ಅವಳ ಬದುಕು. ಮಗಳನ್ನು ಕೊಂಕಲ್ ಎಂಬ ಹಳ್ಳಿಗೆ ಕೊಟ್ಟಿದ್ದಳು. ಮನೆಯಲ್ಲಿ ಇದ್ದ ಒಂದೇ ಐಷಾರಾಮವೆಂದರೆ ಸಣ್ಣದೊಂದು ಟೀವಿ.

ಮೂರು ಗಂಟೆಗೆ ಆ ಟೀವಿಯಲ್ಲಿ ಕೋರ್ಟು ಕೂಡುತ್ತಿತ್ತು. ಗಂಡ ಹೆಂಡಿರು, ಅತ್ತೆ ಸೊಸೆಯಂದಿರು ಎರಡು ಸಾಲಾಗಿ ಕೂತು ಜಗಳಾಡುವುದು, ನಡುವೆ ಎತ್ತರದ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತು ನ್ಯಾಯ ಹೇಳುವುದು. ಆಯಿ ಆಕೆಯನ್ನು ‘ಜಡ್ಜ್ ಅಕ್ಕೋರು’ ಎನ್ನುತ್ತಿದ್ದಳು, ಶಾಲೆಯ ಮೇಡಮ್ಮಿಗೆ ಅನ್ನುವ ಹಾಗೆ. ಜನ ಜಗಳಾಡುವಾಗ ಇವಳು ಹಿಂಡಿ ಕುಟ್ಟುತ್ತಿದ್ದಳು. ಅಕ್ಕೋರು ಬಾಯಿ ತೆರೆದರೆ ಒನಕೆ ನಿಲ್ಲುತ್ತಿತ್ತು. ಓಣಿಯ ಐದಾರು ಹೆಂಗಸರು ಬಾಗಿಲಲ್ಲಿ ಕೂತಿರುತ್ತಿದ್ದೆವು. ನಡುವೆ ಕರೆಂಟು ಹೋದರೆ ಆಯಿ ತಾನೇ ತೀರ್ಪು ಕೊಟ್ಟುಬಿಡುವಳು. ಮರುದಿನ ನೋಡಿದರೆ ಹತ್ತಕ್ಕೆ ಎಂಟು ಸಲ ಉಲ್ಟಾ ಆಗಿರುತ್ತಿತ್ತು. ‘ಆಯಿ, ನಿನ್ನ ಕೋರ್ಟಿನ್ಯಾಗ ಎಲ್ಲರೂ ಜೇಲಿಗಿ ಹೋಗ್ತಾರ’ ಎಂದು ಚುಡಾಯಿಸುತ್ತಿದ್ದೆವು.

ತೀರ್ಪು ಉಲ್ಟಾ ಆದರೇನು, ಅದರೊಳಗಿಂದ ತನಗೆ ಬೇಕಾದ ಬುದ್ಧಿಯನ್ನು ಮಾತ್ರ ಆಯಿ ಹೆಕ್ಕಿಕೊಂಡಿದ್ದಳು. ಅತ್ತವರೆಲ್ಲ ಖರೇ ಹೇಳುವವರಲ್ಲ ಅನ್ನುತ್ತಿದ್ದಳು. ನಳದ ನೀರಿಗೆ ಇಬ್ಬರು ಕಿತ್ತಾಡಿಕೊಂಡು ಬಂದರೆ ಮೊದಲು ಅವರನ್ನು ದೂರ ದೂರ ಕೂಡಿಸಿ, ‘ನೀ ಕಂಡಿ ಏನು, ಕೇಳಿ ಏನು, ಅದನ್ನ ಮೊದಲ ಹೇಳು’ ಎಂದು ಗದರುತ್ತಿದ್ದಳು. ಯಾರಾದರೂ ಸಂಘದ ಕಾಗದವೋ ರೇಷನ್ ಕಾರ್ಡಿನ ಅರ್ಜಿಯೋ ಹಿಡಿದು ಹೊರಟರೆ ಮುಗಿಯಿತು. ‘ಓದಿಸಿಕೊಂಡಿ ಏನು? ಓದಿಸಿಕೊಳ್ಳದ ಸಹಿ ಮಾಡಿದ್ರ ಕೈ ಮುರಿತೀನಿ ನೋಡು.’ ಅವಳಿಗೆ ತನ್ನ ಹೆಸರು ಬರೆಯಲು ಬರುತ್ತಿತ್ತು, ಅಷ್ಟೇ.

ಅಕ್ಕನನ್ನು ಸುರಪುರದ ಕಡೆ ಕೊಟ್ಟಿದ್ದೆವು. ಒಂದು ಬೇಸಿಗೆಯ ಮಧ್ಯಾಹ್ನ ಭಾವ ಅವಳನ್ನೂ ಜ್ವರ ಬಂದ ಮಗುವನ್ನೂ ಶಹಾಪುರದ ಬಸ್‌ಸ್ಟ್ಯಾಂಡಿಗೆ ಕರೆತಂದು, ‘ಇಲ್ಲೇ ಕುಂದ್ರು, ನೀರಿನ ಬಾಟ್ಲಿ ತರ್ತೀನಿ’ ಎಂದು ಹೋದವನು ತಿರುಗಿ ಬರಲಿಲ್ಲ. ಅಕ್ಕ ಎರಡು ತಾಸು ಕಾದು, ಮಗುವನ್ನು ಎತ್ತಿಕೊಂಡು ನಡೆಯುತ್ತ ನಮ್ಮ ಓಣಿಗೆ ಬಂದಳು. ಮನೆಯಲ್ಲಿ ನಾವ್ಯಾರೂ ಇರಲಿಲ್ಲ. ಮಗುವನ್ನು ಮೊದಲು ಕೈಗೆ ತೆಗೆದುಕೊಂಡವಳು ಎದುರುಮನೆಯ ಆಯಿ.

ಎಂಟು ತಿಂಗಳ ನಂತರ ನೋಟೀಸು ಬಂತು. ಹೆಂಡತಿ ಯಾರಿಗೂ ಹೇಳದೆ ಮಗುವನ್ನು ಕದ್ದೊಯ್ದಿದ್ದಾಳೆ, ಮಗುವನ್ನು ತನ್ನ ವಶಕ್ಕೆ ಕೊಡಿಸಬೇಕು ಎಂದು ಭಾವ ಕೇಸು ಹಾಕಿದ್ದ. ಅಕ್ಕ ಆ ಕಾಗದ ನೋಡಿದ ದಿನದಿಂದ ಮಗುವನ್ನು ಅಂಗಳಕ್ಕೂ ಬಿಡದಾದಳು. ಅದು ಮಲಗಿದರೂ ಅದರ ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಂಡು ಕೂರುತ್ತಿದ್ದಳು.

ನಾನು ಹುಟ್ಟಾ ಅಂಜುಬುರುಕಿ. ಡಿಗ್ರಿ ಮುಗಿದಿತ್ತು, ಮನೆಯಲ್ಲಿ ಓದಿದವಳು ನಾನೊಬ್ಬಳೇ ಎಂದು ವಕೀಲರ ಬಳಿ ಓಡಾಟ ನನ್ನ ಪಾಲಿಗೆ ಬಂತು. ವಕೀಲರು ಒಳ್ಳೆಯವರು. ಕನ್ನಡಕ ಒರೆಸಿಕೊಳ್ಳುತ್ತ ಕೇಳಿದರು: ‘ಅಂವ ಬಸ್‌ಸ್ಟ್ಯಾಂಡಿನ್ಯಾಗ ಬಿಟ್ಟು ಹೋದದ್ದು ಯಾರರ ನೋಡ್ಯಾರೇನವ್ವ? ಅದೊಂದು ಇದ್ರ ಭಾಳ ಚಲೋ ಆಗತದ.’ ಯಾರೂ ನೋಡಿರಲಿಲ್ಲ. ಆದರೆ ಎದೆ ಡವಡವ ಎನ್ನುವಾಗ ನಾಲಿಗೆ ತನ್ನ ಪಾಡಿಗೆ ಓಡುತ್ತದೆ. ‘ಎದುರುಮನಿ ಆಯಿ ನೋಡ್ಯಾಳ್ರಿ. ಅಕಿ ದಿನಾ ಖಾನಾವಳಿಗಿ ರೊಟ್ಟಿ ಕೊಡಾಕ ಅಲ್ಲೇ ಹೋಗ್ತಾಳ್ರಿ’ ಎಂದುಬಿಟ್ಟೆ.

ಎಷ್ಟು ಸಲೀಸಾಗಿ ಬಂತು ಎಂದು ನನಗೇ ಆಶ್ಚರ್ಯವಾಯಿತು.

ವಕೀಲರು ಆಯಿಯ ಸಾಕ್ಷ್ಯದ ಪ್ರಮಾಣಪತ್ರ ಟೈಪು ಮಾಡಿಸಿದರು. ಅದರ ಆರನೇ ಪ್ಯಾರಾದಲ್ಲಿ ‘ಅರ್ಜಿದಾರನು ತನ್ನ ಹೆಂಡತಿ ಮತ್ತು ಮಗುವನ್ನು ಬಿಟ್ಟು ಹೋಗಿದ್ದನ್ನು ನಾನು ಕಣ್ಣಾರೆ ಕಂಡಿರುತ್ತೇನೆ’ ಎಂದಿತ್ತು. ಸಹಿ ಮಾಡುವ ದಿನ ಆಯಿ ಪೆನ್ನು ಹಿಡಿದು ನನ್ನ ಮುಖ ನೋಡಿದಳು. ‘ಏನು ಬರ್ದಾರವ್ವ?’

‘ನೀ ಕಂಡದ್ದನ್ನೇ ಬರ್ದಾರ ಆಯಿ’ ಎಂದೆ.

ಊರಿನವರ ಕೈ ಮುರಿಯುತ್ತೇನೆ ಅನ್ನುತ್ತಿದ್ದವಳು ಮತ್ತೊಂದು ಮಾತು ಕೇಳದೆ ಸಹಿ ಮಾಡಿದಳು.

ಆಮೇಲೆ ನನಗೆ ನಿದ್ದೆಯಿಲ್ಲ, ಊಟವಿಲ್ಲ. ಕಟಕಟೆಯಲ್ಲಿ ಅವಳಿಗೇ ಆ ಪ್ಯಾರಾ ಓದಿ ಹೇಳಿದರೆ? ಇದು ಯಾರು ಬರೆಸಿದ್ದು ಎಂದರೆ? ತಾರೀಖಿಗೆ ಎರಡು ದಿನ ಉಳಿದಾಗ ತಡೆಯಲಾಗದೆ ಹೋಗಿ ಹೇಳಿದೆ. ಮೂರು ಗಂಟೆಯ ಹೊತ್ತೇ. ಹುರಿದ ಶೇಂಗಾ ಮೊರದಲ್ಲಿ ಆರುತ್ತಿತ್ತು. ನಾನು ಆರನೇ ಪ್ಯಾರಾ ಅನ್ನುತ್ತಿದ್ದ ಹಾಗೆ ಆಯಿ ಎದ್ದು ಟೀವಿ ಬಂದ್ ಮಾಡಿದಳು. ಅಕ್ಕೋರು ಮಾತಾಡುತ್ತಿರುವಾಗ ಅವಳು ಟೀವಿ ಬಂದ್ ಮಾಡಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

‘ನಾ ನೋಡಿಲ್ಲಲ್ಲವ್ವ’ ಅಂದಳು.

‘ಹೌದು ಅಂದುಬಿಡು ಆಯಿ. ಅಷ್ಟ ಸಾಕು. ಇಲ್ಲಂದ್ರ ಕೂಸಿನ್ನ ಒಯ್ತಾರ.’

ಆಯಿ ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡು ಶೇಂಗಾ ಸಿಪ್ಪೆ ತಿಕ್ಕತೊಡಗಿದಳು. ಆ ಎರಡು ದಿನ ಅವಳ ಮುಖ ನೋಡಿ ನೋಡಿ ಉತ್ತರ ಹುಡುಕಿದೆ. ಏನೂ ಸಿಗಲಿಲ್ಲ. ಅವ್ವನಿಗೆ ಹೇಳಿದರೆ, ‘ಕಂಡದ್ದು ಹೇಳಿದರೆ ಕೆಂಡದಂಥ ಕೋಪ ಅಂತಾರ. ಕಾಣದ್ದು ಹೇಳಿಸಾಕ ಹೋಗೀದಿ, ಅದಕ್ಕೇನು ಬರ್ತದೋ’ ಎಂದು ತಲೆಯ ಮೇಲೆ ಕೈ ಹೊತ್ತು ಕೂತಳು.

ಶಹಾಪುರದ ಕೋರ್ಟಿಗೆ ಆ ಬೆಳಿಗ್ಗೆ ಆಯಿ ಮಡಿ ಸೀರೆ ಉಟ್ಟು, ಹಣೆತುಂಬ ವಿಭೂತಿ ಹಚ್ಚಿಕೊಂಡು ಬಂದಳು. ಮೊದಲು ಅಕ್ಕನ ಪಾಟೀಸವಾಲು. ನಾನು ಅಕ್ಕನನ್ನೇ ನೋಡುತ್ತಿದ್ದೆ, ಆಯಿ ಎಲ್ಲಿದ್ದಾಳೆಂದು ಲಕ್ಷ್ಯ ಕೊಡಲಿಲ್ಲ. ಅವಳು ನೆಟ್ಟಗೆ ಒಳಗೆ ಬಂದು ಮುಂದಿನ ಬೆಂಚಿನಲ್ಲಿ ಕೂತು ಅಕ್ಕ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದಳು. ನಮ್ಮ ಕಡೆ ಹಿರಿಯರು ನ್ಯಾಯ ಮಾಡುವಾಗಲೂ ಹಾಗೆಯೇ. ವಾದಿ, ಪ್ರತಿವಾದಿ, ಸಾಕ್ಷಿ ಎಲ್ಲರೂ ಒಂದೇ ಜಮಖಾನೆಯ ಮೇಲೆ ಕೂರುತ್ತಾರೆ. ಕೋರ್ಟಿನಲ್ಲಿ ಸರದಿ ಬರುವವರೆಗೆ ಸಾಕ್ಷಿ ಹೊರಗಿರಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನು, ನನ್ನ ತಲೆ ತುಂಬ ಆರನೇ ಪ್ಯಾರಾ.

ಆಯಿ ಕಟಕಟೆ ಹತ್ತಿದೊಡನೆ ಎದುರು ವಕೀಲರು ಎದ್ದರು. ‘ಈ ಸಾಕ್ಷಿ ಇಷ್ಟು ಹೊತ್ತು ಒಳಗೇ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ, ಸ್ವಾಮಿ. ಇನ್ನು ಅದನ್ನೇ ಒಪ್ಪಿಸುತ್ತಾರೆ.’

ಜಡ್ಜು ಸಾಹೇಬರು ಆಯಿಯನ್ನು ನೋಡಿದರು. ‘ಯಾಕಮ್ಮ ಒಳಗೆ ಕೂತಿದ್ರಿ?’

‘ಟೀವಿಯಾಗ ಎಲ್ಲಾರೂ ಕೂಡೇ ಕುಂದ್ರತಾರ್ರಿ.’

ಹಾಲಿನಲ್ಲಿದ್ದವರೆಲ್ಲ ನಕ್ಕರು. ಸಾಹೇಬರು ನಗಲಿಲ್ಲ, ಏನೋ ಬರೆದುಕೊಂಡರು. ಪ್ರಮಾಣ ಮಾಡಿಸುವಾಗ ಆಯಿ ಕೊರಳಲ್ಲಿದ್ದ ಲಿಂಗವನ್ನು ಸೆರಗಿನ ಮೇಲಿಂದಲೇ ಮುಟ್ಟಿಕೊಂಡಳು. ಎದುರು ವಕೀಲರು ಬಳಸು ಮಾತಿಗೆ ಹೋಗಲೇ ಇಲ್ಲ.

‘ಅವತ್ತು ಬಸ್‌ಸ್ಟ್ಯಾಂಡಿನಲ್ಲಿ ಗಂಡ ಬಿಟ್ಟು ಹೋಗಿದ್ದನ್ನು ನೀವು ನೋಡಿದ್ರಾ?’

ಆಯಿ ನನ್ನ ಕಡೆ ನೋಡಿದಳು. ನಾನು ತಲೆ ಆಡಿಸಿದೆನೋ ಏನೋ... ಆಡಿಸಿರಬೇಕು.

‘ಇಲ್ರಿ’ ಅಂದಳು ಆಯಿ. ‘ನಾ ನೋಡಿಲ್ರಿ.’

‘ಮತ್ತೆ ಇದರಲ್ಲಿ ನೋಡಿದ್ದೇನೆ ಎಂದು ಸಹಿ ಮಾಡಿದ್ದೀರಲ್ಲ?’

‘ಓದಿಸಿಕೊಳ್ಳಲಾರದ ಮಾಡೀನ್ರಿ. ತಪ್ಪು ನಂದೇ ಅದ.’

ನನ್ನ ಹೆಸರು ಹೇಳಲಿಲ್ಲ. ಎದುರು ವಕೀಲರು ಇನ್ನು ಸಾಕು ಎಂಬಂತೆ ಕೂತರು. ಮುಗಿಯಿತು ಅಂದುಕೊಂಡೆ. ಆಮೇಲೆ ಸಾಹೇಬರು ತಾವೇ ಏನೋ ಕೇಳಿದರು, ಆಯಿ ಏನೋ ಹೇಳಿದಳು, ಟೈಪು ಮಾಡುವವರು ಟೈಪು ಮಾಡಿದರು. ನನ್ನ ಕಿವಿಯಲ್ಲಿ ಬರೀ ಗುಂಯ್ ಎನ್ನುತ್ತಿತ್ತು.

ಹೊರಗೆ ಬೇವಿನ ಮರದ ಕೆಳಗೆ, ಹತ್ತು ಜನರೆದುರು, ನಾನು ಆಯಿಯ ಮೇಲೆ ಹರಿಹಾಯ್ದೆ. ‘ಆ ಹಾಳಾದ ಟೀವಿ ನೋಡಿ ನೋಡಿ ನಿನ್ನ ತಲಿ ಕೆಟ್ಟದ! ಒಂದು ಹೌದು ಅನ್ನಾಕ ನಿನಗೇನಾಗಿತ್ತು? ಕೂಸಿನ್ನ ಕಳದಿ ನೀ.’

ಆಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ‘ಅವತ್ತ ನೀ ಓದಿ ಹೇಳಿದ್ರ, ಇಲ್ಲ ಅಂತ ಅವತ್ತ ಹೇಳತಿದ್ನಲ್ಲವ್ವ’ ಎಂದಳು. ಜೋರಾಗಿಯೂ ಹೇಳಲಿಲ್ಲ. ಟಂಟಂ ಆಟೋ ಹಿಡಿದು ಒಬ್ಬಳೇ ಮನೆಗೆ ಹೋದಳು.

ಅಂದಿನಿಂದ ನಾನು ಅವಳ ಬಾಗಿಲು ತುಳಿಯಲಿಲ್ಲ. ಅಕ್ಕ ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಳು, ಅದನ್ನು ಕಂಡರೆ ನಾನು ಮುಖ ಸಿಂಡರಿಸುತ್ತಿದ್ದೆ. ಸಿಟ್ಟು ಆಯಿಯ ಮೇಲಿರಲಿಲ್ಲ ಎಂದು ಈಗ ಗೊತ್ತಾಗುತ್ತದೆ. ಅವಳನ್ನು ಕಂಡಾಗಲೆಲ್ಲ ಆ ಪೆನ್ನು ಹಿಡಿದ ಕೈ ಕಾಣುತ್ತಿತ್ತು, ನನಗೆ ನಾಚಿಕೆಯಾಗುತ್ತಿತ್ತು. ನಾಚಿಕೆ ತಡೆಯಲಾರದವರು ಸಿಟ್ಟು ಮಾಡುತ್ತಾರೆ. ನಾಲ್ಕು ತಿಂಗಳಿಗೆ ಅವಳ ಮೊಣಕಾಲು ಹಿಡಿದುಕೊಂಡಿತು. ಅಕ್ಕ ಆಗ ಬಾಣಂತಿಯೊಬ್ಬಳ ಆರೈಕೆಗೆಂದು ಮಗುವಿನೊಡನೆ ಚಿಕ್ಕಪ್ಪನ ಊರಿಗೆ ಹೋಗಿದ್ದಳು. ಕೊಂಕಲ್‌ನಿಂದ ಮಗಳು ಬಂದು ಆಯಿಯನ್ನು ಕರೆದೊಯ್ದಳು. ಹೊರಡುವಾಗ ಆಯಿ ನಮ್ಮ ಹೊಸ್ತಿಲ ತನಕ ಬಂದು, ‘ಬರ್ತೀನವ್ವ’ ಎಂದು ಕೂಗಿದಳು. ಅವ್ವ ಹೋಗಿ ಮಗಳ ಫೋನ್ ನಂಬರು ಬರೆಸಿಕೊಂಡು ಬಂದು ನನ್ನ ಕೈಗೆ ಕೊಟ್ಟಳು. ನಾನು ಒಳಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದೆ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದೆ.

ಎರಡು ತಿಂಗಳ ನಂತರ ತೀರ್ಪು ಬಂತು. ಮಗು ತಾಯಿಯ ಬಳಿಯೇ ಇರತಕ್ಕದ್ದು, ತಂದೆ ಬೇಕಾದರೆ ಭಾನುವಾರ ಬಂದು ನೋಡಬಹುದು. ಅವನು ಎರಡು ಸಲ ಬಂದ, ಆಮೇಲೆ ಬರಲಿಲ್ಲ. ವಕೀಲರು ಆದೇಶದ ಪ್ರತಿ ಕೊಟ್ಟು, ‘ಆ ಮುದುಕಿ ಗೆಲ್ಲಿಸಿದಳು ನೋಡವ್ವ’ ಎಂದರು. ಮನೆಗೆ ಬಂದು ಓದಿದೆ. ತನ್ನನ್ನು ಕರೆಸಿದವರಿಗೆ ಅನುಕೂಲವಾದ ಮಾತನ್ನೇ ಅಲ್ಲಗಳೆದ ಸಾಕ್ಷಿಯ ಉಳಿದ ಮಾತನ್ನು ನಂಬಲು ಅಡ್ಡಿಯಿಲ್ಲ ಎಂದು ಅದರಲ್ಲಿತ್ತು. ಅದರ ಕೆಳಗೆ, ಅಂದು ನನ್ನ ಕಿವಿಗೆ ಬೀಳದ ಮಾತು. ಹಾಗಾದರೆ ಏನು ನೋಡಿದಿರಿ ಎಂದು ಸಾಹೇಬರು ಕೇಳಿದ್ದಕ್ಕೆ ಆಯಿ ಹೇಳಿದ್ದಳಂತೆ: ಅವತ್ತು ಓಣಿಗೆ ಬಂದಾಗ ತಾಯಿಯ ಕೈಯಲ್ಲಿ ಚೀಲ ಇರಲಿಲ್ಲ, ಮಗುವಿಗೆ ಮೈಮೇಲಿನ ಅಂಗಿ ಬಿಟ್ಟರೆ ಮತ್ತೊಂದು ಬಟ್ಟೆ ಇರಲಿಲ್ಲ, ನನ್ನ ಹಳೆಯ ಸೀರೆ ಹರಿದು ಅದಕ್ಕೆ ಸುತ್ತಿದ್ದೆ. ಜ್ವರದ ಮಗುವನ್ನು ಕದ್ದು ಹೊರಡುವ ತಾಯಿ ಒಂದು ಬಟ್ಟೆಯನ್ನಾದರೂ ತಾರದೆ ಇರುತ್ತಾಳೆಯೇ ಎಂದು ಆದೇಶ ಕೇಳಿತ್ತು.

‘ಆಯಿಗೆ ಹೇಳಿದಿ ಏನು?’ ಎಂದು ಅಕ್ಕ ಕೇಳಿದಳು. ‘ನಾನ ಖುದ್ದ ಹೋಗಿ ಹೇಳತೀನಿ, ಕಾಲು ಹಿಡಕೋಬೇಕು’ ಎಂದೆ. ಅಕ್ಕನೂ ಅವ್ವನೂ ಅದನ್ನು ನನಗೇ ಬಿಟ್ಟರು. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ. ನಾಳೆ ಹೋದರಾಯಿತು, ಬರುವ ಸೋಮವಾರ ಹೋದರಾಯಿತು. ಮೊದಲ ಮಾತು ಏನು ಆಡುವುದು ಎಂದು ಯೋಚಿಸಿದರೆ ಕಾಲು ಹೊರಡುತ್ತಿರಲಿಲ್ಲ. ಹೀಗೆ ಒಂದೂವರೆ ತಿಂಗಳು... ಆಮೇಲೆ ಕೊಂಕಲ್‌ನಿಂದಲೇ ಸುದ್ದಿ ಬಂತು.

ಆಯಿ ಮಣ್ಣಾದ ಮೂರನೇ ದಿನ ಹೋದೆ. ಆಯಿಯ ಮಗಳು ಚಹಾ ಕೊಟ್ಟು, ನನ್ನ ಮಗ್ಗುಲಿಗೆ ಕೂತಳು. ‘ಇಲ್ಲಿಗಿ ಬಂದ ಮ್ಯಾಲ ಅವ್ವ ಆ ಕೋರ್ಟಿನ ಟೀವಿ ನೋಡಲಿಲ್ಲ. ಮೂರಾದ್ರ ಎದ್ದು ಹೊರಗ ಕಟ್ಟಿ ಮ್ಯಾಲ ಹೋಗಿ ಕುಂದ್ರತಿದ್ಲು. ಒಂದ ಮಾತು ಮಾತ್ರ ಬಂದವರಿಗೆಲ್ಲಾ ಕೇಳತಿದ್ಲು, ಆ ಕೂಸು ಯಾರ ಹತ್ರ ಉಳೀತು ಅಂತ. ನಮಗ ಗೊತ್ತಿದ್ರಲ್ಲ ಹೇಳೋದು? ಯಾರ ಹತ್ರ ಉಳೀತವ್ವ?’

‘ಅಕ್ಕನ ಹತ್ರ’ ಎಂದೆ.

ನಮ್ಮ ಮನೆಯಲ್ಲಿ ಇಂದಿಗೂ ಆ ಕೇಸಿನ ಕಥೆ ಬಂದರೆ, ನಾನು ಓಡಾಡಿ ಗೆಲ್ಲಿಸಿದೆ ಎನ್ನುತ್ತಾರೆ. ನಾನು ಒಮ್ಮೆಯೂ ತಿದ್ದಿರಲಿಲ್ಲ. ಆ ಮಗು ಈಗ ಯಾದಗಿರಿಯಲ್ಲೇ ನನ್ನ ಜೊತೆಗಿದ್ದು ಕಾಲೇಜಿಗೆ ಹೋಗುತ್ತಾಳೆ. ಹೋದ ವಾರ ಆ ವಾಸನೆಗೆ ಪೆನ್ನು ಕೆಳಗಿಟ್ಟು ಕೂತ ನನ್ನನ್ನು ನೋಡಿ, ‘ಏನಾತು ಚಿಗವ್ವ?’ ಎಂದಳು. ಅವಳಿಗೆ ಎಲ್ಲವನ್ನೂ ಹೇಳಿದೆ, ಆರನೇ ಪ್ಯಾರಾ ಸಮೇತ. ಅವಳಿಗೆ ಆಯಿಯ ಮುಖ ನೆನಪಿಲ್ಲ. ಒಂದೇ ಪ್ರಶ್ನೆ ಕೇಳಿದಳು.

‘ನಂಬರು ಇತ್ತಲ್ಲ ಚಿಗವ್ವ, ಒಂದು ಫೋನ್ ಮಾಡಬಹುದಿತ್ತಲ್ಲ?’

‘ಮಾಡಬಹುದಿತ್ತವ್ವ’ ಎಂದೆ. ‘ಮಾಡಲಿಲ್ಲ.’