ಮುರಗೋಡದ ಟರ್ಬೈನ್

ಲೋಕದಲ್ಲಿ ಮೊಟ್ಟಮೊದಲ ಟರ್ಬೈನ್ ಎಂಜಿನ್ ತಿರುಗಿದ್ದು ಮುರಗೋಡದ ನಮ್ಮ ಅಡುಗೆಮನೆಯಲ್ಲಿ, ಕಂಡುಹಿಡಿದವನು ನಾನೇ. ಇವತ್ತು ಬೈಲಹೊಂಗಲದ ಪೇಟೆಯಲ್ಲಿ ಪಾತ್ರೆಗೆ ಕಲಾಯಿ ಹಚ್ಚುವ ಹೊಗೆ ಮೂಗಿಗೆ ಬಡಿದು ಅದೆಲ್ಲ ನೆನಪಾಯಿತು.

ಅವ್ವ ಹೆರಿಗೆಗೆಂದು ಯರಗಟ್ಟಿಯ ತವರಿಗೆ ಹೋಗಿದ್ದಳು. ಅಪ್ಪ ಹೊಲದಿಂದ ಬಂದು, ರೊಟ್ಟಿ ತಿಂದು, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಅವನು ಒಮ್ಮೆ ನನ್ನ ಕಡೆ ಹೊರಳಿ ಭಲೇ ಅನ್ನಲಿ ಎಂದೇ ಎಂಜಿನ್ನಿಗೆ ಕೈ ಹಾಕಿದೆ. ತಗಡನ್ನು ಹೂವಿನಂತೆ ಕತ್ತರಿಸಿ, ಎಸಳುಗಳನ್ನು ಓರೆಯಾಗಿ ಬಗ್ಗಿಸಿ, ಸೈಕಲ್ ಕಡ್ಡಿಗೆ ಪೋಣಿಸಿದೆ. ಚಹಾದ ಡಬ್ಬಿಯ ಮುಚ್ಚಳಕ್ಕೆ ತೂತು ಹೊಡೆದು, ಅದರೆದುರು ಚಕ್ರ ನಿಲ್ಲುವಂತೆ ಓಣಿಗೆ ಬಂದ ಕಲಾಯಿಯವನಿಂದ ಬೆಸುಗೆ ಹಾಕಿಸಿ, ನೀರು ತುಂಬಿ ಒಲೆಯ ಮೇಲಿಟ್ಟೆ.

ಉಗಿ ಬಡಿದು ಚಕ್ರ ಗಿರ್ರನೆ ತಿರುಗಿತು! ಅಪ್ಪನನ್ನು ಕರೆಯಲು ಹೊಲಕ್ಕೆ ಓಡಿದೆ. ಇಬ್ಬರೂ ಬರುವಷ್ಟರಲ್ಲಿ ನೀರು ಇಂಗಿ, ಬೆಸುಗೆ ಕರಗಿ, ಚಕ್ರ ಬೂದಿಯಲ್ಲಿ ಬಿದ್ದಿತ್ತು.

"ಎಲ್ಲೈತಲೇ ನಿನ್ನ ಇಂಜಿನ್ನು?"

"ಈಗ ತಿರಗಿತ್ತಪ್ಪಾ, ನಾ ನೋಡೇನಿ!"

"ನೀ ಒಬ್ಬಾವ ನೋಡಿದ್ರ ಆತೇನಲೇ, ಮಂಗ್ಯಾ? ಒಲಿ ಆರಸು."

ಅಪ್ಪ ಹೊಲಕ್ಕೆ ಮರಳಿದ.

ಮನೆಯ ಮಕ್ಕಳಿಗೆಲ್ಲ, ಆ ಎಂಜಿನ್ನಿಗೆ ಸಾವಿರಾರು ರೂಪಾಯಿ ಸುರಿದೆ ಎಂದೇ ಇವತ್ತಿಗೂ ಹೇಳುತ್ತೇನೆ. ಕಲಾಯಿಯವನಿಗೆ ಕೊಟ್ಟದ್ದು ಎರಡು ರೂಪಾಯಿ. ಅವ್ವನನ್ನು ನೋಡಿ ಬಾ ಎಂದು ಅಪ್ಪ ಕೊಟ್ಟಿದ್ದ ಬಸ್ಸಿನ ದುಡ್ಡು ಅದು.