ಉಲ್ಲೇಖಪಟ್ಟಿಯ ಮೊದಲನೆಯವರು

ದೆಹಲಿಯ ಪೀತಮ್‌ಪುರದ ನಮ್ಮ ಅಡುಗೆಮನೆಯಲ್ಲಿ, ಫ್ರಿಜ್ಜಿನ ತಲೆಯ ಮೇಲೆ, ಒಂದು ಸಣ್ಣ ಬಿಳಿ ಡಬ್ಬಿ ಬಹುಕಾಲ ಕೂತಿತ್ತು. ನಾನು ಒಗ್ಗರಣೆ ಹಾಕಿದಾಗಲೆಲ್ಲ ಅದರ ಹಸಿರು ದೀಪ ಕೆಂಪಾಗುತ್ತಿತ್ತು. ಮಗಳು ಓಡಿಬಂದು ವಿಚಾರಿಸಿಕೊಳ್ಳುತ್ತಿದ್ದುದು ಕೆಮ್ಮುತ್ತಿದ್ದ ನನ್ನನ್ನಲ್ಲ, ಡಬ್ಬಿಯನ್ನು. ಅಡುಗೆಮನೆಯ ಹೊಗೆ ಅವಳ ಪಿಎಚ್‌ಡಿ ವಿಷಯ. ಹೀಗೆ ನನ್ನ ಇಂಗಿನ ಒಗ್ಗರಣೆಯೂ ವಿದ್ವತ್ತಿಗೆ ಸಂದಿತು.

ಥೀಸಿಸ್ ಮುಗಿಯಿತು. ಗೈಡು ಸಹಿ ಹಾಕಿದರೆ ವಿಶ್ವವಿದ್ಯಾಲಯ ಅದನ್ನು ತೆಗೆದುಕೊಳ್ಳುತ್ತದೆ. ಸೋಮವಾರದೊಳಗೆ ಸಲ್ಲಿಸಿದ ರಸೀದಿ ತೋರಿಸಿದರೆ ನೋಯ್ಡಾದ ಕಾಲೇಜೊಂದರಲ್ಲಿ ಅವಳಿಗೆ ಸಿಕ್ಕಿದ್ದ ಕೆಲಸ ಉಳಿಯುತ್ತದೆ. ಗೈಡು ಮಾತ್ರ ಪ್ರತಿ ಸಲವೂ ಕಟ್ಟನ್ನು ಹಿಂದಕ್ಕೆ ತಳ್ಳಿ, "ರೆಫರೆನ್ಸ್ ಜಮ್ ನಹೀ ರಹೇ" ಎನ್ನುತ್ತಿದ್ದರು. ಯಾವುದು ಸರಿಕೂಡುತ್ತಿಲ್ಲ ಎಂದು ಬಿಡಿಸಿ ಹೇಳಿದರೆ ವಿದ್ಯಾರ್ಥಿಯ ಬೆಳವಣಿಗೆ ಕುಂಠಿತವಾದೀತೆಂಬ ಕಾಳಜಿ ಇರಬೇಕು.

ಉಲ್ಲೇಖಗಳನ್ನು ನೋಡಿಕೊಳ್ಳಲು ಮಗಳ ಲ್ಯಾಪ್‌ಟಾಪಿನಲ್ಲಿ ಒಂದು ಸಾಫ್ಟ್‌ವೇರ್ ಇದೆ. ಓದಿದ ಲೇಖನಗಳನ್ನೆಲ್ಲ ಅದಕ್ಕೆ ಒಪ್ಪಿಸಿದರೆ, ಯಾರನ್ನು ಎಲ್ಲಿ ಹೆಸರಿಸಿದ್ದೇವೆ ಎಂದು ಅದೇ ನೆನಪಿಟ್ಟುಕೊಂಡು ಕೊನೆಯಲ್ಲಿ ಪಟ್ಟಿ ಮಾಡಿಕೊಡುತ್ತದೆ. ಶೈಲಿ ಬದಲಿಸು ಎಂದರೆ ಅಲ್ಪವಿರಾಮ, ಓರೆ ಅಕ್ಷರ, ಆವರಣ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಬದಲಿಸುತ್ತದೆ. ಮುನಿಸಿಲ್ಲ, ಮರುಮಾತಿಲ್ಲ. ನಾನು ಮದುವೆಯಾಗಿ ಬಂದಾಗ ಅತ್ತೆಯವರು ನಿರೀಕ್ಷಿಸಿದ್ದು ಇಂಥದ್ದನ್ನೇ.

ಮಗಳು ಶೈಲಿ ಬದಲಿಸಿದಳು. ಗೈಡಿಗೆ ಜಮ್ ಆಗಲಿಲ್ಲ. ಇನ್ನೊಂದು ಹಾಕಿದಳು, ಅದೂ ಇಲ್ಲ. ಶುಕ್ರವಾರ ಬೆಳಿಗ್ಗೆ ನನ್ನ ಸೆರಗು ಹಿಡಿದಳು.

"ಅಮ್ಮಾ, ನೀನೂ ಚಲೋ ನಾ. ನಿನ್ನ ಮುಂದೆ ಸರ್ ಜ್ಯಾದಾ ಬೈಯಲ್ಲ."

"ಆಯಿಯೇ ಭಾಭೀಜಿ" ಎಂದು ಗೈಡು ನನಗೆ ಕುರ್ಚಿ ತೋರಿಸಿದರು. ಒಳ್ಳೆಯ ಮನುಷ್ಯ, ಸ್ವೆಟರಿನ ಗುಂಡಿಗಳು ಒಂದು ಮನೆ ತಪ್ಪಿ ಕೂತಿದ್ದವು. ಥೀಸಿಸ್ಸನ್ನು ಅವರು ತೆರೆದದ್ದು ಹಿಂದಿನಿಂದ. ಬೆರಳು ಉಲ್ಲೇಖಪಟ್ಟಿಯ ಮೇಲೆ ಜಾರುತ್ತಾ ಪುಟ ದಾಟಿ, ಪುಟ ದಾಟಿ, ಕೊನೆಯ ಪುಟದ ಬುಡದಲ್ಲಿ ನಿಂತಿತು. ಬೇರೆಯವರ ಕಾಗದ ಓದಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ್ದರು. ತಲೆಕೆಳಗಾಗಿ ಓದಬಾರದೆಂದು ಹೇಳಿರಲಿಲ್ಲ. ಬೆರಳ ಕೆಳಗೆ ಅವರದೇ ಹೆಸರು. ಅದರ ಕೆಳಗೆ ಪುಟಸಂಖ್ಯೆ ಬಿಟ್ಟರೆ ಯಾರೂ ಇರಲಿಲ್ಲ.

"ಜಮ್ ನಹೀ ರಹಾ" ಎಂದರು.

ಈ ಬೆರಳನ್ನು ನಾನು ಬಲ್ಲೆ. ನನ್ನ ಲಗ್ನಪತ್ರಿಕೆಯಲ್ಲಿ 'ಸುಖಾಗಮನ ಬಯಸುವವರು' ಎಂಬಲ್ಲಿ ಚಿಕ್ಕಪ್ಪನ ಹೆಸರು ಮೇಲೆ, ದೊಡ್ಡಪ್ಪನದು ಕೆಳಗೆ ಅಚ್ಚಾಗಿತ್ತು. ವಧು ಯಾರು, ವರ ಯಾರು ಎಂದು ದೊಡ್ಡಪ್ಪ ಓದಲೇ ಇಲ್ಲ. ಪತ್ರಿಕೆಗಳನ್ನೆಲ್ಲ ಮತ್ತೆ ಅಚ್ಚು ಹಾಕಿಸಿದರೂ ಮದುವೆಗೆ ಬಂದು ಗೋಡೆಗೆ ಮುಖ ಮಾಡಿ ಊಟ ಮಾಡಿದರು.

ವಾಪಸು ಬರುವಾಗ ಮೆಟ್ರೋದಲ್ಲಿ ಮಗಳಿಗೆ ಹೇಳಿದೆ. "ನಿನ್ನ ಸರ್‌ಗೆ ಕಾಮಾ, ಫುಲ್‌ಸ್ಟಾಪು ಏನೂ ಬೇಕಿಲ್ಲ ಪುಟ್ಟಾ. ಅವರ ಹೆಸರು ಕೊನೇಲಿದೆ, ಅಷ್ಟೇ."

"ಅಮ್ಮಾ, ವೋ ತೋ ಆಲ್ಫಾಬೆಟಿಕಲ್ ಹೈ. ಅವರ ಸರ್‌ನೇಮೇ ಹಾಗಿದೆ. ಇದರಲ್ಲಿ ಇನ್ಸಲ್ಟ್ ಏನು?"

"ನನ್ನ ದೊಡ್ಡಪ್ಪನಿಗೂ ಹೀಗೇ ತಿಳಿಹೇಳಿದ್ವಿ."

ಅವಳು ಯೋಚಿಸಿದಳು. "ನಂಬರ್ ಸ್ಟೈಲ್ ಅಂತ ಒಂದಿದೆ. ಯೂನಿವರ್ಸಿಟಿ ಅದನ್ನೂ ಒಪ್ಪತ್ತೆ. ಥೀಸಿಸ್‌ನಲ್ಲಿ ಯಾರು ಪೆಹಲೇ ಬರ್ತಾರೋ ಅವರೇ ನಂಬರ್ ಒಂದು."

"ಹಾಗಾದ್ರೆ ಮೊದಲನೇ ಸಾಲಿಗೇ ಅವರನ್ನ ಕರ್ಕೊಂಡು ಬಾ."

ಮಗಳ ಮುಖ ಸಣ್ಣಗಾಯಿತು. ಮೊದಲ ಸಾಲಿನಲ್ಲಿದ್ದವರು ಸೌದೆ ಒಲೆಯ ಹೊಗೆಯ ಬಗ್ಗೆ ಬರೆದ ಒಬ್ಬ ಮಹಿಳೆ. ಅವರನ್ನು ಓದಿಯೇ ಇವಳು ಈ ದಾರಿ ಹಿಡಿದದ್ದು.

"ಅವರನ್ನ ಹಟಾಯಿಸ್ಲಾ?"

"ಬೇಡ. ಸ್ವಲ್ಪ ಸರಿದು ಕೂತ್ಕೊಳ್ಳಲಿ. ಹೆಂಗಸರಿಗೆ ಅಭ್ಯಾಸ ಇದೆ."

ಅವಳು ನಗಲಿಲ್ಲ. ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದು ನಂಬರ್ ಸ್ಟೈಲ್ ಹಾಕಿದಳು. ಚಳಿಗಾಲದಲ್ಲಿ ದೆಹಲಿಯ ಗಾಳಿ ಕೆಡುತ್ತದೆ ಎಂದು ಗೈಡು ಹಿಂದೊಮ್ಮೆ ಸಂಶೋಧಿಸಿದ್ದರು. ನವೆಂಬರಿನಲ್ಲಿ ಬಾಲ್ಕನಿಗೆ ಬಟ್ಟೆ ಒಣಹಾಕಲು ಹೋದವರಿಗೆಲ್ಲ ಗೊತ್ತಿರುವ ಸಂಗತಿಯೇ. ಆದರೆ ನಾವು ಬರೀ ಕೆಮ್ಮಿದ್ದೆವು, ಅವರು ಪ್ರಕಟಿಸಿದ್ದರು. ಆ ವಾಕ್ಯ ಥೀಸಿಸ್ಸಿನ ತಲೆಗೆ ಹೋಗಿ ಕೂತಿತು. ಮಗಳು ಒಂದು ಗುಂಡಿ ಒತ್ತಿದಳು. ಗೈಡು ಮೇಲೇರಿದರು, ಒಲೆಯ ಹೊಗೆಯವರು ಎರಡಾದರು, ಅವರ ಹಿಂದಿದ್ದವರೆಲ್ಲ ಸದ್ದಿಲ್ಲದೆ ಒಂದೊಂದು ಸ್ಥಾನ ಸರಿದರು. ಯಾರೂ ಗೋಡೆಗೆ ಮುಖ ಮಾಡಲಿಲ್ಲ.

ಸೋಮವಾರ ಗೈಡು ಹಿಂದಿನಿಂದ ತೆರೆದರು. ಬೆರಳಿಗೆ ಈ ಸಲ ಪ್ರಯಾಣವೇ ಇರಲಿಲ್ಲ. "ಅಚ್ಛಾ, ಅಬ್ ಜಮಾ" ಎಂದು ಪೆನ್ನು ತೆಗೆದರು. "ಸಾಫ್ಟ್‌ವೇರ್ ಸೀಖನಾ ಪಡತಾ ಹೈ ಬೇಟಾ." ಕಲಿಯಲೇಬೇಕು ಎಂದು ನಾನೂ ತಲೆಯಾಡಿಸಿದೆ. ಸಂಜೆಯೊಳಗೆ ರಸೀದಿ ಸಿಕ್ಕಿತು, ನೋಯ್ಡಾಕ್ಕೂ ಮುಟ್ಟಿತು.

ಮನೆಗೆ ತಂದ ಪ್ರತಿಯನ್ನು ಮಡಿಲಲ್ಲಿಟ್ಟುಕೊಂಡು ತಿರುವಿದೆ. ಹೊಗೆ ಅಳೆದ ಮನೆಗಳ ಕೋಷ್ಟಕದಲ್ಲಿ ನಾನಿದ್ದೆ: ಅಡುಗೆಮನೆ ನಾಲ್ಕು.

"ಒಂದನೇದು ಯಾರದು?"

"ಎದುರು ಮನೆ ಆಂಟೀದು. ಅಮ್ಮಾ, ಆರ್ಡರ್‌ಗೆ ಅರ್ಥ ಏನಿಲ್ಲ. ರ‍್ಯಾಂಡಮ್ ಹೈ."

"ನಾನೇನಾದ್ರೂ ಅಂದ್ನಾ?" ಎಂದು ಪುಸ್ತಕ ಮುಚ್ಚಿ, ಸಾರಿನ ಒಗ್ಗರಣೆಗೆ ಎಣ್ಣೆ ಇಟ್ಟೆ. ಎದುರು ಮನೆಯಾಕೆ ಒಗ್ಗರಣೆಗೆ ಇಂಗನ್ನೂ ಹಾಕುವುದಿಲ್ಲ.