ಅಪ್ಪಾಜಿಯ ಬೈಕಿಗೆ ಜೀವ ಬಂದಾಗ

ಚಳ್ಳಕೆರೆಯ ನಮ್ಮ ಮನೆಯ ಹಿಂದೆ, ಶೇಂಗಾ ಚೀಲ ಒಟ್ಟುವ ಕೋಣೆಯಲ್ಲಿ ಅಪ್ಪಾಜಿಯ ಬೈಕು ವರ್ಷಗಟ್ಟಲೆ ತಾಡಪಾಲು ಹೊದ್ದು ನಿಂತಿತ್ತು. ಬಿ.ಜಿ. ಕೆರೆಯ ಹತ್ತಿರ ಅದನ್ನು ಓಡಿಸುತ್ತಿರುವಾಗಲೇ ಅವರಿಗೆ ಮೊದಲ ಸಲ ಫಿಟ್ಸ್ ಬಂದದ್ದು. ಇನ್ನು ಗಾಡಿ ಮುಟ್ಟಕೂಡದು ಎಂದರು ಡಾಕ್ಟರು. ಅಪ್ಪಾಜಿ ಮರುಮಾತಾಡದೆ ಕೀಲಿಕೈಯನ್ನು ಅವ್ವನಿಗೂ ಶೇಂಗಾ ವ್ಯಾಪಾರವನ್ನು ಅಣ್ಣನಿಗೂ ಒಪ್ಪಿಸಿದರು. ಆಮೇಲೆ ಮಾತೂ ಕಡಿಮೆಯಾಯಿತು.

ಕಳೆದ ಬೇಸಿಗೆ ರಜೆಯಲ್ಲಿ ನಾನು ಆ ಬೈಕನ್ನು ರಿಪೇರಿ ಮಾಡಲು ಹೊರಟೆ. ನಾನು ಪಾಠ ಮಾಡುವ ಹಳ್ಳಿಗೆ ಬಸ್ಸು ನೆಚ್ಚಿಕೊಂಡರೆ ಆಗುತ್ತಿರಲಿಲ್ಲ. ಅವ್ವನಿಗೆ ಇಷ್ಟವಿರಲಿಲ್ಲ.

"ಮಲಗಿರೋದನ್ನ ಯಾಕೆ ಎಬ್ಬಿಸ್ತೀಯಾ? ಹಂಗೇ ಇರ್ಲಿ ಬಿಡು."

"ಮಾಡ್ಲಿ ಬಿಡೇ, ನಾನೂ ನೋಡ್ತೀನಿ" ಅಂದರು ಅಪ್ಪಾಜಿ. ಅವರು ತಾವಾಗಿ ಬಾಯಿ ತೆರೆದು ಎಷ್ಟೋ ದಿನವಾಗಿತ್ತು. ಆ ಖುಷಿಗೇ ನಾನು ಸ್ಪ್ಯಾನರ್ ಹಿಡಿದೆ.

ಟ್ಯಾಂಕಿನ ಹಳೇ ಪೆಟ್ರೋಲು ಗಬ್ಬು ನಾರುತ್ತಿತ್ತು. ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಒಳಗೆ ಇಲಿಯ ಗೂಡು. ಅದರೊಳಗೆ ಒಣಗಿ ಹಗುರಾದ ಮರಿಗಳು. ಪಿಸ್ಟನ್ ಕಚ್ಚಿಕೊಂಡಿತ್ತು. ಪ್ಲಗ್ಗಿನ ತೂತಿನಿಂದ ಎಣ್ಣೆ ಬಿಟ್ಟು, ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಹಿಂದೆ ಮುಂದೆ ಅಲುಗಿಸುತ್ತಾ ದಿನಗಳನ್ನೇ ಕಳೆದೆ. ಅಪ್ಪಾಜಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ನನ್ನ ಕೈಗಳನ್ನೇ ನೋಡುತ್ತಿದ್ದರು. ಅವ್ವ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಕೂತಿದ್ದರು.

"ಎಲ್ಲಿಗಾದ್ರೂ ಹೊರಟ್ರಾ ಅಪ್ಪಾಜಿ?"

"ಇಲ್ಲ."

ಅವತ್ತೇ ಇಂಜಿನ್ ಹತ್ತಿಕೊಂಡಿತು. ಕೋಣೆ ತುಂಬ ಬಿಳಿ ಹೊಗೆ. ಬೈಕನ್ನು ಅಂಗಳಕ್ಕೆ ತಳ್ಳಿ, ಇಂಜಿನ್ ಬಿಸಿಯಾಗಲಿ ಎಂದು ಹಾಗೇ ಓಡಲು ಬಿಟ್ಟೆ. ಬಿಚ್ಚಿಟ್ಟಿದ್ದ ಹಿಂದಿನ ಬ್ರೇಕಿನ ರಾಡು ಇನ್ನೂ ಗೋಣಿಚೀಲದ ಮೇಲಿತ್ತು. ಅದಕ್ಕೊಂದು ನಟ್ ಹುಡುಕಲು ಒಳಗೆ ಹೋದೆ. ಇಂಜಿನ್ನಿನ ಸದ್ದು ಏರಿತು, ಆಮೇಲೆ ದೂರವಾಯಿತು. ಓಡಿ ಬಂದೆ. ಕುರ್ಚಿ ಖಾಲಿ. ರಾಡು ಇದ್ದಲ್ಲೇ ಇತ್ತು.

ಅಣ್ಣ ಕಾರು ತೆಗೆದ. ಪೆಟ್ರೋಲ್ ಬಂಕಿನ ಹುಡುಗ, "ದೊಡ್ಡಉಳ್ಳಾರ್ತಿ ಕಡೆ ಹೋದ್ರಕ್ಕ, ಕೂಗಿದ್ರೂ ತಿರುಗ್ಲಿಲ್ಲ" ಅಂದ. ದಾರಿಯುದ್ದಕ್ಕೂ ಎದುರಿಗೆ ಲಾರಿ ಬಂದಾಗಲೆಲ್ಲ ನಾನು ಅದರ ಮುಂಭಾಗ ಜಜ್ಜಿದೆಯೇ ಎಂದು ನೋಡುತ್ತಿದ್ದೆ.

ಹುಲ್ಲು ಕಾವಲಿನ ಅಂಚಿನಲ್ಲಿ ಕುರಿಗಳು ಚದುರಿ ನಿಂತಿದ್ದವು. ಬೈಕು ಜಾಲಿಯ ಮೆಳೆಯಲ್ಲಿ ಮಗುಚಿತ್ತು. ಕುರಿ ಕಾಯುವವರೊಬ್ಬರು ಅಪ್ಪಾಜಿಯನ್ನು ತಮ್ಮ ಕಂಬಳಿಯ ಮೇಲೆ ಕೂರಿಸಿ ನೀರು ಕುಡಿಸುತ್ತಿದ್ದರು. ಮೊಣಕೈ ತರಚಿ ಅಂಗಿಯ ತೋಳು ರಕ್ತವಾಗಿತ್ತು.

"ಇಳಿಜಾರ್ನಾಗೆ ಬಾಣ ಬಂದಂಗೆ ಬಂದ್ರವ್ವ" ಅಂದರು ಕುರಿ ಕಾಯುವವರು. "ಕುರಿ ಹೋದ್ವು ಅಂತ ಬಡ್ಕಂಡೆ. ಅದ್ಕೇ ಇತ್ಲಾಗೆ ತಿರುಗ್ಸಿದ್ರು. ಇಲ್ದಿದ್ರೆ ಆ ಕಲ್ಲು ತೆಗ್ದಿರೋ ಗುಂಡಿಗೇ ನೆಟ್ಟಗೆ ಹೋಗೋರು."

ನಾನು ಅಳುತ್ತಾ ಅಪ್ಪಾಜಿಯ ಕೈ ಹಿಡಿದೆ. "ಹಿಂದ್ಗಡೆ ಬ್ರೇಕೇ ಇರ್ಲಿಲ್ಲ ಅಪ್ಪಾಜಿ!"

"ಗೊತ್ತಿತ್ತು ಕಣವ್ವ. ಕುಂತು ನೋಡ್ತಾನೇ ಇದ್ನಲ್ಲ."

ಅಣ್ಣ ನನ್ನ ಮುಖ ನೋಡಿದ. ಇಬ್ಬರೂ ಅಪ್ಪಾಜಿಯ ತೋಳು ಹಿಡಿದು ಕಾರಿಗೆ ಹತ್ತಿಸಿದೆವು.

ಗಾಯ ಬೇಗ ವಾಸಿಯಾಯಿತು. ಬೈಕನ್ನು ಅಣ್ಣ ಮೊಳಕಾಲ್ಮೂರಿನವರೊಬ್ಬರಿಗೆ ಕೊಟ್ಟುಬಿಟ್ಟ. ಅಪ್ಪಾಜಿ ಅದರ ಸುದ್ದಿಯನ್ನೇ ಎತ್ತಲಿಲ್ಲ. ಅವರನ್ನು ಬೇರೆ ಡಾಕ್ಟರಿಗೂ ತೋರಿಸಿದೆವು. ಹೊಸ ಮಾತ್ರೆ ಶುರುವಾಗಿದೆ. ಯಾರಾದರೊಬ್ಬರು ಸದಾ ಜೊತೆಗಿರುತ್ತೇವೆ. ಈಗ ಅವರು ಸಮಾಧಾನದಿಂದ ಇದ್ದಾರೆ, ನಾಲ್ಕು ಮಾತೂ ಆಡುತ್ತಾರೆ.

ಮೊನ್ನೆ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತಾ ಕೇಳಿದರು: "ಹೊಲದ ಬಾವ್ಯಾಗೆ ಈ ಸಲ ನೀರು ಎಷ್ಟೈತೆ?"

ಅವ್ವನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಗೊತ್ತಿಲ್ಲ ಅಪ್ಪಾಜಿ" ಎಂದು ಸುಳ್ಳು ಹೇಳಿದೆ.